ರಸಗೊಬ್ಬರದ ಹಸಿರು ಗುರಿ: ಲೆಕ್ಕ ಕಾರ್ಖಾನೆಗಷ್ಟೇ ಸಾಕೆ?

ರಸಗೊಬ್ಬರ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಲಾಭ-ನಷ್ಟದ ಜೊತೆಗೆ ಪರಿಸರದ ಗುರಿಗಳೂ ಸ್ಥಾನ ಪಡೆದಿವೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳು ಇಂಥ ಮಾಹಿತಿ ನೀಡುವುದನ್ನು ಸೆಬಿ 2022-23ರಿಂದ ಕಡ್ಡಾಯಗೊಳಿಸಿದೆ. ಆದರೆ ಈ ಗುರಿಗಳನ್ನು ಅಳೆಯುವುದು ಹೇಗೆ?

ಮೊದಲು ಆಧಾರ ವರ್ಷವೊಂದನ್ನು ನಿಗದಿಪಡಿಸಲಾಗುತ್ತದೆ. ಆ ವರ್ಷ ಒಂದು ಟನ್ ಯೂರಿಯಾ ತಯಾರಿಕೆಗೆ ತಗುಲಿದ ಇಂಧನ, ನೀರು ಹಾಗೂ ಹೊರಬಿದ್ದ ಅನಿಲದ ಪ್ರಮಾಣವನ್ನು ದಾಖಲಿಸಿ, ನಂತರದ ಪ್ರತಿ ವರ್ಷವನ್ನೂ ಅದಕ್ಕೆ ಹೋಲಿಸಲಾಗುತ್ತದೆ. ಕೇಂದ್ರ ಸರ್ಕಾರ 2012ರಲ್ಲಿ ಆರಂಭಿಸಿದ ‘ಪ್ಯಾಟ್’ ಇಂಧನ ದಕ್ಷತಾ ಯೋಜನೆಯ ಕ್ರಮವೂ ಇದೇ. ಆದರೆ ಟನ್ ಲೆಕ್ಕದಲ್ಲಿ ಇಳಿಕೆ ಕಂಡರೂ ಉತ್ಪಾದನೆ ಹೆಚ್ಚಿದರೆ ಒಟ್ಟು ಮಾಲಿನ್ಯ ಏರಬಹುದು.

ದೊಡ್ಡ ತೊಡಕು ಇರುವುದು ಹೊಲದಲ್ಲಿ. ಅಮೋನಿಯಾ ತಯಾರಿಕೆಯಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಯೂರಿಯಾಕ್ಕೆ ಬಳಸಲಾಗುತ್ತದೆ. ಇದು ಉಳಿತಾಯವೆಂದು ಕಂಡರೂ, ಯೂರಿಯಾ ಮಣ್ಣಿನಲ್ಲಿ ವಿಭಜನೆಯಾದಾಗ ಟನ್ನಿಗೆ ಸುಮಾರು 730 ಕಿಲೋ ಅನಿಲ ಮರಳಿ ಬಿಡುಗಡೆಯಾಗುತ್ತದೆ. ಬೆಳೆ ಹೀರಿಕೊಳ್ಳದ ಸಾರಜನಕದ ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಯಾಗಿಸುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು.

ಸೆಬಿ ನಮೂನೆಯಲ್ಲಿ ಕಾರ್ಖಾನೆಯ ಅನಿಲ ಮತ್ತು ಖರೀದಿಸಿದ ವಿದ್ಯುತ್ತಿನ ಪಾಲನ್ನು ತಿಳಿಸುವುದು ಕಡ್ಡಾಯ. ಹೊಲದ ಪಾಲು ಐಚ್ಛಿಕ. ಮಣ್ಣು ಪರೀಕ್ಷೆ, ಕಂತುಗಳಲ್ಲಿ ಗೊಬ್ಬರ ನೀಡಿಕೆ, ಬೇವು ಲೇಪನ ಇವುಗಳಿಂದ ರೈತನಿಗೂ ಪರಿಸರಕ್ಕೂ ಲಾಭವಿದೆ. ಆದರೆ ಹೊಲವೇ ಲೆಕ್ಕದಲ್ಲಿಲ್ಲದಿದ್ದರೆ ಇಂಥ ಕ್ರಮಗಳ ಫಲವೂ ವರದಿಯಲ್ಲಿ ಕಾಣದು.

ಆದ್ದರಿಂದ ವರದಿ ಓದುವವರು ಕೇಳಬೇಕಾದ ಪ್ರಶ್ನೆಗಳು ಮೂರು: ಆಧಾರ ವರ್ಷ ಯಾವುದು? ಒಟ್ಟು ಪ್ರಮಾಣ ಇಳಿದಿದೆಯೇ? ಹೊಲದ ಲೆಕ್ಕ ಸೇರಿದೆಯೇ?