ಕೊಬ್ಬು ಕರಗಿ ಹೋಗೋದು ಎಲ್ಲಿಗೆ?

'21 ದಿನದಲ್ಲಿ 10 ಕೆಜಿ ಇಳಿಸಿ!' ಇಂಥ ಜಾಹೀರಾತು ನಿಮ್ಮ ಕಣ್ಣಿಗೂ ಬಿದ್ದಿರುತ್ತೆ. ಒಬ್ಬರು ಪುಡಿ ಮಾರ್ತಾರೆ, ಇನ್ನೊಬ್ಬರು ಕಷಾಯ, ಮತ್ತೊಬ್ಬರು ಸೊಂಟಕ್ಕೆ ಕಟ್ಟೋ ಬೆಲ್ಟು. ಇವತ್ತು ಈ ಭರವಸೆಯನ್ನ ಬೈಯೋದು ಬೇಡ, ಲೆಕ್ಕ ಹಾಕಿ ನೋಡೋಣ. ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಲಿಸೋ ಮೊದಲ ಪಾಠ ಇದು: ಒಳಗೆ ಬಂದದ್ದು, ಹೊರಗೆ ಹೋದದ್ದು, ಒಳಗೆ ಉಳಿದದ್ದು, ಈ ಮೂರೂ ತಾಳೆ ಆಗಲೇಬೇಕು. ನಮ್ಮ ಹೊಟ್ಟೆಗೂ ಇದೇ ನಿಯಮ.

ಮೊದಲು ಒಂದು ಪ್ರಶ್ನೆ. ಕೊಬ್ಬು ಕರಗಿದಾಗ ಅದು ಹೋಗೋದು ಎಲ್ಲಿಗೆ? 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಈ ಪ್ರಶ್ನೆಯನ್ನ ವೈದ್ಯರಿಗೆ, ಆಹಾರ ತಜ್ಞರಿಗೆ, ಜಿಮ್ ತರಬೇತುದಾರರಿಗೆ ಕೇಳಿದ್ರು. ಹೆಚ್ಚಿನವರು 'ಶಕ್ತಿಯಾಗಿ, ಶಾಖವಾಗಿ ಹೋಗುತ್ತೆ' ಅಂದ್ರು. ಆದರೆ ತೂಕ ಇರೋ ವಸ್ತು ಹಾಗೆ ಮಾಯ ಆಗೋಕೆ ಸಾಧ್ಯ ಇಲ್ಲ. ಇಬ್ಬರೂ ಲೆಕ್ಕ ಮಾಡಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ್ರು. 10 ಕೆಜಿ ಕೊಬ್ಬು ಕರಗಿದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈ ಆಕ್ಸೈಡ್ ಆಗಿ ಉಸಿರಿನ ಮೂಲಕ ಹೋಗುತ್ತೆ. ಉಳಿದ 1.6 ಕೆಜಿ ನೀರಾಗುತ್ತೆ. ಅಂದರೆ ಕೊಬ್ಬು ಹೊರಗೆ ಹೋಗುವ ಮುಖ್ಯ ದಾರಿ ನಮ್ಮ ಮೂಗು! ಹಾಗಂತ ಜೋರಾಗಿ ಉಸಿರಾಡಿದ್ರೆ ತಲೆ ಸುತ್ತುತ್ತೆ ಅಷ್ಟೇ. ದೇಹಕ್ಕೆ ಶಕ್ತಿಯ ಕೊರತೆ ಬಿದ್ದು, ಕೊಬ್ಬನ್ನ ಉರಿಸಬೇಕಾಗಿ ಬಂದಾಗ ಮಾತ್ರ ಆ ಇಂಗಾಲ ಹೊರಗೆ ಬರುತ್ತೆ.

ಈಗ ಜಾಹೀರಾತಿನ ಲೆಕ್ಕಕ್ಕೆ ಬರೋಣ. ನಮ್ಮ ಮೈಯ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಇರುತ್ತೆ. 10 ಕೆಜಿಗೆ 77,000. ಅದನ್ನ 21 ದಿನಕ್ಕೆ ಹಂಚಿ, ದಿನಕ್ಕೆ 3,600ಕ್ಕೂ ಹೆಚ್ಚು ಆಯ್ತು. ಕೂತು ಕೆಲಸ ಮಾಡುವ ಗಂಡಸು ಇಡೀ ದಿನದಲ್ಲಿ ಖರ್ಚು ಮಾಡೋದೇ 2,000 ಕ್ಯಾಲೊರಿ ಆಸುಪಾಸು, ಹೆಂಗಸರಿಗೆ ಇನ್ನೂ ಕಡಿಮೆ. ಅಂದರೆ 21 ದಿನ ಒಂದು ತುತ್ತೂ ತಿನ್ನದೆ ಉಪವಾಸ ಬಿದ್ದರೂ 10 ಕೆಜಿ ಕೊಬ್ಬು ಹೋಗಲ್ಲ. ಲೆಕ್ಕವೇ ಕೂಡಲ್ಲ!

'ಅಯ್ಯೋ, ನಮ್ಮ ಪಕ್ಕದ ಮನೆಯವರು ಒಂದೇ ವಾರದಲ್ಲಿ ಮೂರು ಕೆಜಿ ಇಳಿದ್ರಲ್ಲ ಸಾರ್' ಅಂತೀರಿ. ಇಳಿದಿರಬಹುದು. ಆದರೆ ಇಳಿದದ್ದು ಏನು ಅನ್ನೋದೇ ಪ್ರಶ್ನೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನೋ ಸಕ್ಕರೆಯ ದಾಸ್ತಾನು ಇರುತ್ತೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ. ಊಟ ಬಿಟ್ಟ ಮೊದಲ ದಿನಗಳಲ್ಲಿ ಖಾಲಿ ಆಗೋದು ಈ ದಾಸ್ತಾನು. ಮತ್ತೆ ಊಟ ಶುರು ಮಾಡಿದ ಕೂಡಲೇ ಆ ತೂಕ ವಾಪಸ್. ಬೆಲ್ಟು ಕಟ್ಟಿ ಬೆವರಿಳಿಸಿದರೂ ಅಷ್ಟೇ. ಹೋಗಿದ್ದು ನೀರು, ಎರಡು ಲೋಟ ಕುಡಿದರೆ ಮುಗೀತು.

ನಿಜವಾದ ಅಪಾಯ ಇದರ ಮುಂದಿನದು. ತಿಂಗಳುಗಟ್ಟಲೆ ಅರೆಹೊಟ್ಟೆ ಇದ್ದರೆ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತೆ. ಊಟದ ನಂತರ ರಕ್ತದ ಸಕ್ಕರೆಯನ್ನ ಅತಿ ಹೆಚ್ಚು ಹೀರಿಕೊಳ್ಳೋದೇ ಸ್ನಾಯು. ಆಮೇಲೆ ತೂಕ ಮರಳಿ ಬಂದಾಗ ಬರೋದು ಬಹುಪಾಲು ಕೊಬ್ಬು. ತಕ್ಕಡಿಯಲ್ಲಿ ಹಳೇ ತೂಕ, ಮೈಯೊಳಗೆ ಮೊದಲಿಗಿಂತ ಕೆಟ್ಟ ಸ್ಥಿತಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ. ಇಂಥ ದೇಶದಲ್ಲಿ ಸ್ನಾಯು ಕಳೆದುಕೊಳ್ಳೋದು ದುಬಾರಿ ವ್ಯವಹಾರ.

ಹಾಗಾದ್ರೆ ಸರಿಯಾದ ವೇಗ ಯಾವುದು? ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2024ರ ಮಾರ್ಗಸೂಚಿ ಹೇಳೋದು ವಾರಕ್ಕೆ ಅರ್ಧ ಕೆಜಿ. ಅದೇ ಲೆಕ್ಕದಲ್ಲಿ ದಿನಕ್ಕೆ ಸುಮಾರು 550 ಕ್ಯಾಲೊರಿ ಕೊರತೆ ಸಾಕು. ಇದನ್ನ ಮನೆಯಲ್ಲೇ ಹೊಂದಿಸಬಹುದು. ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕ್ತಿದ್ರೆ, ಅದನ್ನ ಬಿಟ್ಟರೆ 160. ಒಗ್ಗರಣೆ, ದೋಸೆಯಲ್ಲಿ ನಿಮ್ಮ ಪಾಲಿನ ಮೂರು ಟೀ ಚಮಚ ಎಣ್ಣೆ ಕಡಿಮೆ ಮಾಡಿದ್ರೆ 120. ಅರ್ಧ ಕಪ್ ಅನ್ನ ಕಮ್ಮಿ ಬಡಿಸಿಕೊಂಡ್ರೆ ಸುಮಾರು 100. ಮುಕ್ಕಾಲು ಗಂಟೆ ಚುರುಕು ನಡಿಗೆಗೆ ಒಂದು 150. ಒಟ್ಟು 530. ಬಂತಲ್ಲ, ಹತ್ತಿರ ಹತ್ತಿರ!

ಇಲ್ಲೊಂದು ಮಾತು. 'ಅನ್ನ ಬಿಟ್ಟು ಮುದ್ದೆ ತಿಂತಿದ್ದೀನಿ, ಆದ್ರೂ ಇಳೀತಿಲ್ಲ' ಅನ್ನೋರಿದ್ದಾರೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು, ಒಳ್ಳೇದೇ. ಆದರೆ 100 ಗ್ರಾಂ ಅಕ್ಕಿಯಲ್ಲೂ 100 ಗ್ರಾಂ ರಾಗಿ ಹಿಟ್ಟಿನಲ್ಲೂ ಕ್ಯಾಲೊರಿ 300ರ ಮೇಲೇ. ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತೆ. ತಟ್ಟೆಯಲ್ಲಿ ಜಾಗ ಬಿಡಬೇಕಾದ್ದು ಪಲ್ಯಕ್ಕೆ, ಮೊಳಕೆ ಕಾಳಿಗೆ, ಗಟ್ಟಿ ಬೇಳೆಗೆ, ಮೊಸರಿಗೆ, ತಿನ್ನೋರಾದ್ರೆ ಮೊಟ್ಟೆ, ಮೀನಿಗೆ. ಸ್ನಾಯು ಉಳಿಯೋಕೆ ಪ್ರೋಟೀನ್ ಬೇಕು, ಬರೀ ತಿಳಿಸಾರಿನಲ್ಲಿ ಅದು ಸಿಗಲ್ಲ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಬಸ್ಕಿ ಹೊಡೆದರೂ ಆಗುತ್ತೆ.

ಅಳೆಯೋಕೆ ತಕ್ಕಡಿಗಿಂತ ಟೈಲರ್ ಟೇಪು ನಂಬಿ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆಯದೆ ಅಳೀರಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ. ಕೆಲವು ತಿಂಗಳಾದ ಮೇಲೆ ಇಳಿಕೆ ನಿಧಾನ ಆದ್ರೆ ಗಾಬರಿ ಬೇಡ. ಹಗುರಾದ ದೇಹಕ್ಕೆ ಬೇಕಾಗೋ ಶಕ್ತಿಯೂ ಕಡಿಮೆ, ಹಾಗಾಗಿ ಹಳೇ ಕೊರತೆ ಸಣ್ಣದಾಗುತ್ತೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಊಟ ಕಡಿಮೆ ಮಾಡೋ ಮೊದಲು ಡಾಕ್ಟರನ್ನ ಕೇಳಲೇಬೇಕು. ಗರ್ಭಿಣಿಯರು ಈ ಸಾಹಸಕ್ಕೆ ಕೈ ಹಾಕಬಾರದು.

ಇಷ್ಟೆಲ್ಲಾ ಮಾಡಿ ಸಿಗೋದೇನು? ತೂಕದ ಶೇ. 5ರಷ್ಟು ಇಳಿದರೂ ಸಕ್ಕರೆ, ಬಿಪಿ ಸುಧಾರಿಸೋಕೆ ಶುರುವಾಗುತ್ತೆ. 80 ಕೆಜಿ ಇರೋರಿಗೆ ಅದು ನಾಲ್ಕೇ ಕೆಜಿ, ಸುಮಾರು ಎಂಟು ವಾರದ ಮಾತು. ಪುಡಿಯ ಡಬ್ಬಿಗೆ ಸಾವಿರಾರು ರೂಪಾಯಿ ಕೊಡೋ ಮುಂಚೆ ಮಾರೋರನ್ನ ಒಂದೇ ಪ್ರಶ್ನೆ ಕೇಳಿ: 'ಇಳಿಯೋ ಹತ್ತು ಕೆಜಿಯಲ್ಲಿ ಕೊಬ್ಬೆಷ್ಟು, ನೀರೆಷ್ಟು, ಸ್ನಾಯು ಎಷ್ಟು?' ಉತ್ತರ ಬರದಿದ್ದರೆ ದುಡ್ಡು ಜೇಬಲ್ಲೇ ಇರಲಿ.