ಛಂದಸ್ಸಿನ ಬೋಧನೆಯಲ್ಲಿ ಚಲನೆ

ಪದವಿ ತರಗತಿಗಳಲ್ಲಿ ಛಂದಸ್ಸು ಬಹುಮಟ್ಟಿಗೆ ಲೆಕ್ಕದ ವಿಷಯವಾಗಿ ಉಳಿದಿದೆ. ವಿದ್ಯಾರ್ಥಿ ಲಘು-ಗುರುಗಳನ್ನು ಗುರುತಿಸಿ ಗಣ ವಿಭಾಗ ಮಾಡಬಲ್ಲ. ಆದರೆ ಅದೇ ಪದ್ಯವನ್ನು ಲಯಬದ್ಧವಾಗಿ ಓದಲಾರ. ಪ್ರಸ್ತಾರ ಕಣ್ಣಿಗೆ ದಕ್ಕಿ, ಕಿವಿಗೆ ದಕ್ಕದಿರುವುದೇ ಇದಕ್ಕೆ ಕಾರಣ.

ಮಾತ್ರೆಯೆಂಬುದು ಕಾಲದ ಅಳತೆ. ಪಾದ, ಚರಣ, ಗತಿ, ನಡೆ ಎಂಬ ಪಾರಿಭಾಷಿಕಗಳು ದೇಹದ ಚಲನೆಯನ್ನೇ ಸೂಚಿಸುತ್ತವೆ. ಆದ್ದರಿಂದ ಲಯವನ್ನು ಹೆಜ್ಜೆ ಹಾಗೂ ಚಪ್ಪಾಳೆಗಳ ಮೂಲಕ ಪರಿಚಯಿಸುವುದು ಶಾಸ್ತ್ರಕ್ಕೆ ಹೊರತಾದುದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭಗೊಂಡ ‘ನಲಿ-ಕಲಿ’ ಪದ್ಧತಿಯು ಹಾಡು, ಆಟ, ಚಟುವಟಿಕೆಗಳಿಗೆ ಪ್ರಾಥಮಿಕ ತರಗತಿಯಲ್ಲಿ ಸ್ಥಾನ ನೀಡಿತು. ಉನ್ನತ ತರಗತಿಗಳಲ್ಲಿ ಈ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ.

ವಿಧಾನ ಸರಳವಾದುದು. ಪ್ರತಿ ಮಾತ್ರೆಗೆ ಒಂದು ಎಣಿಕೆ, ಗಣದ ಮೊದಲ ಮಾತ್ರೆಗೆ ಒಂದು ಹೆಜ್ಜೆ. ಲಘು ಒಂದು ಎಣಿಕೆಯಲ್ಲಿ ಮುಗಿದರೆ, ಗುರು ಎರಡನ್ನು ವ್ಯಾಪಿಸುತ್ತದೆ. ಉತ್ಸಾಹ ರಗಳೆಯ ಮೂರು ಮಾತ್ರೆಗಳ ಗಣಕ್ಕೂ ಲಲಿತ ರಗಳೆಯ ಐದು ಮಾತ್ರೆಗಳ ಗಣಕ್ಕೂ ಇರುವ ವ್ಯತ್ಯಾಸ ಆಗ ಕಾಲಿಗೇ ತಿಳಿಯುತ್ತದೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಬಳಿಕ ಒಂದು ಬರುವುದರಿಂದ ಹೆಜ್ಜೆಯ ಅಂತರವೂ ಬದಲಾಗುತ್ತ ಹೋಗುತ್ತದೆ. 1, 2, 4, 5ನೆಯ ಪಾದಗಳು 14 ಮಾತ್ರೆಗಳಲ್ಲಿ ಮುಗಿಯುತ್ತವೆ. 3 ಮತ್ತು 6ನೆಯ ಪಾದಗಳು 21 ಮಾತ್ರೆಗಳ ಮೇಲೊಂದು ಗುರುವನ್ನು ಪಡೆದು 23 ಮಾತ್ರೆಗಳಾಗುತ್ತವೆ. ಆ ಕೊನೆಯ ಗುರು ಒಂದು ನಿಲುಗಡೆಯೆಂಬುದು ನಿಂತಾಗಲೇ ಮನವರಿಕೆಯಾಗುತ್ತದೆ.

ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನ ಹತ್ತಿಮತ್ತೂರಿನಂತಹ ಗ್ರಾಮಗಳಿಂದ ಬರುವ ವಿದ್ಯಾರ್ಥಿಗೆ ಲಯ ಅಪರಿಚಿತವಲ್ಲ. ಭಜನೆ, ಕೋಲಾಟ, ದೊಡ್ಡಾಟಗಳು ಈ ಸೀಮೆಯಲ್ಲಿ ಪರಿಚಿತ. ನೆರೆಯ ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರ ತತ್ತ್ವಪದಗಳು ಜನರ ಬಾಯಲ್ಲಿವೆ. ಅವನು ಅರಿಯದಿರುವುದು ಲಯವನ್ನಲ್ಲ, ಅದರ ಶಾಸ್ತ್ರೀಯ ಹೆಸರನ್ನು. ಪಾಠವು ಹೆಸರಿನಿಂದ ಆರಂಭವಾದರೆ ತನ್ನಲ್ಲಿರುವ ತಿಳಿವಳಿಕೆಯನ್ನೇ ಅವನು ಅಜ್ಞಾನವೆಂದು ಭಾವಿಸುವ ಅಪಾಯವಿದೆ.

ಈ ವಿಧಾನಕ್ಕೆ ಮಿತಿಗಳೂ ಇವೆ. ಚಂಪಕಮಾಲೆಯಂತಹ ಅಕ್ಷರವೃತ್ತಗಳಿಗೆ ಸಮನಾದ ಹೆಜ್ಜೆ ಹೊಂದದು. ತ್ರಿಪದಿಯಂತಹ ಅಂಶಗಣದ ಬಂಧಗಳಲ್ಲಿ ಹಾಡುವಾಗ ಅಕ್ಷರಗಳು ಹಿಗ್ಗುವುದರಿಂದ ಮೊದಲು ಹಾಡಿಕೆ, ಅನಂತರ ಹೆಜ್ಜೆ ಎಂಬ ಕ್ರಮ ಸೂಕ್ತ. ಗಣದ ಗಡಿ ಪದದ ನಡುವೆ ಬೀಳುವುದುಂಟು. ಹೆಜ್ಜೆಗೇ ಅಂಟಿಕೊಂಡರೆ ಪದ ಒಡೆದು ಅರ್ಥ ಕೆಡುತ್ತದೆ. ಆದ್ದರಿಂದ ಲಯ ಸಿದ್ಧಿಸಿದ ಮೇಲೆ ಹೆಜ್ಜೆಯನ್ನು ಬಿಟ್ಟು ಅರ್ಥಾನುಸಾರಿಯಾಗಿ ವಾಚಿಸಬೇಕು. ನಡೆಯಲಾಗದವರಿಗೆ, ಕಿಕ್ಕಿರಿದ ಕೊಠಡಿಗಳಿಗೆ ಬೆರಳೆಣಿಕೆಯೇ ಸಾಕು.

ಚಲನೆಯು ಪ್ರಸ್ತಾರಕ್ಕೆ ಬದಲಿಯಲ್ಲ, ಪೂರ್ವಸಿದ್ಧತೆ. ಕೇಳಿ, ನಡೆದು, ಬಳಿಕ ಗುರುತು ಹಾಕುವ ವಿದ್ಯಾರ್ಥಿಗೆ ಛಂದಸ್ಸು ಕಾವ್ಯದಿಂದ ಬೇರೆಯಾದ ಲೆಕ್ಕವಾಗಿ ಉಳಿಯುವುದಿಲ್ಲ.