ಬದಲಿ ಮೂತ್ರಪಿಂಡವೂ ಕ್ಯಾನ್ಸರಿನ ಭಯವೂ

ಒಬ್ಬರ ಮೂತ್ರಪಿಂಡವನ್ನು ಮತ್ತೊಬ್ಬರ ದೇಹದಲ್ಲಿ ನೆಲೆಗೊಳಿಸುವ ಕಾರ್ಯವನ್ನು 1954ರಲ್ಲಿ ಬಾಸ್ಟನ್ ನಗರದ ಡಾ. ಜೋಸೆಫ್ ಮರ್ರೇ ಅವರು ಅವಳಿ ಸೋದರರ ನಡುವೆ ಸಾಧಿಸಿದರು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಅದು ಸಫಲವಾಯಿತು. ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಡೆಯವರೂ ಬೆಂಗಳೂರಿನಂಥ ದೂರದ ಊರುಗಳಿಗೆ ಹೋಗಿ ಈ ಕಸಿಯನ್ನು ಮಾಡಿಸಿಕೊಂಡು ಬರುತ್ತಾರೆ.

ನಮ್ಮ ಓಣಿಯಲ್ಲಿ ಅಂಥವರೊಬ್ಬರಿದ್ದಾರೆ. ಅವರ ಆಸ್ಪತ್ರೆಯ ಇಂಗ್ಲಿಷ್ ಚೀಟಿಯನ್ನು ಓದಿ ಹೇಳುವ ಕೆಲಸ ನನ್ನದು. ವರ್ಷಕ್ಕೊಮ್ಮೆ ಕ್ಯಾನ್ಸರಿನ ತಪಾಸಣೆ ಆಗಬೇಕೆಂದು ಓದಿದಾಗ ಅವರು, "ಹೊಸಾ ಕಿಡ್ನಿ ಹಾಕ್ಯಾರ, ಆರಾಮ ಅದೀನಿ. ಮತ್ತ ಈ ಬ್ಯಾನಿ ಸುದ್ದಿ ಯಾಕ ತಮ್ಮಾ?" ಎಂದು ಕೇಳಿದರು. ಕಲಾವಿಭಾಗದ ನನಗೆ ಉತ್ತರ ಹುಡುಕಲು ಕೆಲವು ದಿನಗಳೇ ಹಿಡಿದವು.

ನಮ್ಮ ರಕ್ತದ ಬಿಳಿಯ ಕಣಗಳು ಹೊಲ ಕಾಯುವ ಆಳಿನಂತೆ. ಹೊರಗಿನದನ್ನು ಓಡಿಸುವುದು ಒಂದು ಕೆಲಸ. ದಾರಿ ತಪ್ಪಿದ ನಮ್ಮದೇ ಜೀವಕೋಶಗಳನ್ನು ಹುಡುಕಿ ಕೊಲ್ಲುವುದು ಇನ್ನೊಂದು. ಬದಲಿ ಮೂತ್ರಪಿಂಡವು ಹೊರಗಿನದಲ್ಲವೆ? ಅದನ್ನು ಉಳಿಸಲು ಈ ಕಾವಲನ್ನು ಜೀವಮಾನವಿಡೀ ಔಷಧದಿಂದ ಮಂಕಾಗಿಸಬೇಕಾಗುತ್ತದೆ. ಎರಡು ಕೆಲಸಗಳಲ್ಲಿ ಒಂದನ್ನಷ್ಟೇ ನಿಲ್ಲಿಸುವ ಗುಳಿಗೆ ಇನ್ನೂ ದೊರೆತಿಲ್ಲ.

ಬಾಸ್ಟನ್ನಿನ ವೈದ್ಯರು 1968ರಲ್ಲಿ ಪ್ರಕಟಿಸಿದ ಪ್ರಕರಣವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮೃತನೊಬ್ಬನಿಂದ ಪಡೆದ ಮೂತ್ರಪಿಂಡದಲ್ಲಿ ಅಡಗಿದ್ದ ಕ್ಯಾನ್ಸರು ರೋಗಿಯ ದೇಹದಲ್ಲಿ ಬೆಳೆಯಿತು. ಔಷಧ ನಿಲ್ಲಿಸಿದೊಡನೆ ದೇಹವು ಆ ಮೂತ್ರಪಿಂಡವನ್ನು ತಿರಸ್ಕರಿಸಿತು; ಕ್ಯಾನ್ಸರೂ ಅದರೊಡನೆ ಮಾಯವಾಯಿತು! ಆದರೆ ಅದು ಪರರ ಕ್ಯಾನ್ಸರು; ತನ್ನದೇ ಆದದ್ದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅದೇ 1968ರಲ್ಲಿ ಡೆನ್ವರಿನಲ್ಲಿ ಡಾ. ಇಸ್ರೇಲ್ ಪೆನ್ ಅವರು ಇಂಥ ರೋಗಿಗಳ ದಾಖಲೆಯನ್ನು ತೊಡಗಿದರು. ಕಸಿಯಾದವರಿಗೆ ಕ್ಯಾನ್ಸರಿನ ಸಂಭವವು ಇತರರಿಗಿಂತ ಸುಮಾರು 2ರಿಂದ 3 ಪಟ್ಟು ಹೆಚ್ಚೆಂಬುದು ಈಗ ತಿಳಿದ ವಿಷಯ.

ಬಿಳಿಯರಲ್ಲಿ ಚರ್ಮದ ಕ್ಯಾನ್ಸರು ಇವುಗಳಲ್ಲಿ ಮೊದಲನೆಯದು. ನಮ್ಮ ಕಪ್ಪು ಬಣ್ಣ, ಹೆಣ್ಣು ನೋಡಲು ಬಂದವರು ಏನೇ ಹೇಳಲಿ, ಇಲ್ಲಿ ಒಂದಿಷ್ಟು ರಕ್ಷಣೆ ಕೊಡುತ್ತದೆ. ಬಹುಮಂದಿಯಲ್ಲಿ ಬಾಲ್ಯದಿಂದಲೂ ಸುಮ್ಮನೆ ಮಲಗಿರುವ ಎಪ್‌ಸ್ಟೀನ್-ಬಾರ್ ವೈರಾಣು ಮಾತ್ರ ಕಾವಲು ಸಡಿಲವಾದಾಗ ಎದ್ದು ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಇದಕ್ಕಿಂತ ನನ್ನನ್ನು ಕಳವಳಗೊಳಿಸುವುದು ಗುಟಕಾ. ಬಸ್ ನಿಲ್ದಾಣದ ಗೋಡೆಗಳೇ ಸಾಕ್ಷಿ. ಕಾವಲಿರುವ ಬಾಯಿಗೇ ಅದು ಕ್ಯಾನ್ಸರು ತರುತ್ತದೆ. ಕಾವಲಿಲ್ಲದ ಬಾಯಿಯ ಗತಿಯೇನು?

ಇದನ್ನು ಕೇಳಿ ಹೆದರಿ ಗುಳಿಗೆ ಬಿಟ್ಟರೆ ದಾನವಾಗಿ ಬಂದ ಮೂತ್ರಪಿಂಡವೇ ಹೋಗುತ್ತದೆ. ಮತ್ತೆ ಡಯಾಲಿಸಿಸ್ ಯಂತ್ರವೇ ಗತಿ. ಪ್ರಮಾಣ ತಗ್ಗಿಸುವುದಾಗಲಿ ಔಷಧ ಬದಲಿಸುವುದಾಗಲಿ ವೈದ್ಯರ ಕೆಲಸ. ರೋಗಿಯ ಕೆಲಸವೆಂದರೆ ಮೈಮೇಲೆ ಕಣ್ಣಿಡುವುದು: ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಕುತ್ತಿಗೆ ಕಂಕುಳಿನ ಗಂಟು, ಬಿಡದ ಜ್ವರ, ಮೂತ್ರದಲ್ಲಿ ರಕ್ತ. ಇವನ್ನು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿಯೇ ತೋರಿಸಬಹುದು. ಆದರೆ ಕುಳಿತೊಡನೆ ಗುಳಿಗೆಯ ಚೀಟಿಯನ್ನು ಮುಂದಿಟ್ಟು, ತನಗೆ ಕಸಿಯಾಗಿದೆಯೆಂದು ಹೇಳಬೇಕು. ಬೇರೆಯವರಲ್ಲಿ ಕೆಲವು ವಾರ ಕಾದು ನೋಡಬಹುದಾದ ಗಂಟು ಇವರಲ್ಲಿ ಬೇಗ ಬೆಳೆಯಬಲ್ಲದು.